ನೆರೆಮನೆಯ ಹಬ್ಬಕ್ಕೆ ದನಿಯಾದ ಹುಡುಗಿ

ಹೊಸ ನಾಡಿಗೆ ವಲಸೆ ಬಂದವರಿಗೆ ಇಂಗ್ಲಿಷ್ ಕಲಿಸುವ ತರಗತಿಗಳಲ್ಲಿ ಹಬ್ಬಕ್ಕೆ ವಿಶೇಷವಾದ ಸ್ಥಾನವಿದೆ. ಅಮೆರಿಕ, ಬ್ರಿಟನ್, ಕೆನಡಾ ಮುಂತಾದ ದೇಶಗಳ ಇಂಥ ಒಂದು ತರಗತಿಯಲ್ಲಿ ಹತ್ತು ನಾಡಿನ, ಹತ್ತು ನುಡಿಯ ವಿದ್ಯಾರ್ಥಿಗಳು ಒಂದೇ ಕೋಣೆಯಲ್ಲಿ ಕುಳಿತಿರುವುದುಂಟು. ವ್ಯಾಕರಣ ಬಾರದವನಿಗೂ ತನ್ನ ಹಬ್ಬದ ಬಗ್ಗೆ ಹೇಳಲು ನಾಲ್ಕು ಮಾತು ಇದ್ದೇ ಇರುತ್ತದೆ. ಏನು ಅಡುಗೆ, ಯಾರು ಮನೆಗೆ ಬರುತ್ತಾರೆ, ಮೊದಲು ಏನು ಮಾಡುತ್ತಾರೆ, ಆಮೇಲೆ ಏನು. ಬಂಧುಗಳನ್ನು ಕರೆಯುವ ಪದ, ತಿನಿಸಿನ ಹೆಸರು, ಭೂತಕಾಲದ ಕ್ರಿಯಾಪದ, ಎಲ್ಲವೂ ಒಂದೇ ಪಾಠದಲ್ಲಿ ಕಲಿಕೆಗೆ ಒದಗುತ್ತವೆ. ಹಾಗಾಗಿಯೇ ಶಿಕ್ಷಕರು ಹಬ್ಬವನ್ನು ಪಠ್ಯವಾಗಿಸಿಕೊಳ್ಳುತ್ತಾರೆ. ಆದರೆ ಡಿಸೆಂಬರ್ ಬಂದು ಕೋಣೆಯ ಮೂಲೆಯಲ್ಲಿ ಕ್ರಿಸ್ಮಸ್ ಮರ ನಿಂತೊಡನೆ ಪ್ರಶ್ನೆಗಳೂ ಅದರ ಸುತ್ತ ನಿಲ್ಲುತ್ತವೆ. ಇದು ಯಾರ ಹಬ್ಬ? ಇದನ್ನು ತರಗತಿ ಆಚರಿಸುತ್ತಿದೆಯೋ, ತಿಳಿದುಕೊಳ್ಳುತ್ತಿದೆಯೋ? ಇದು ತನ್ನದಲ್ಲ ಎನ್ನುವ ಮಗು ಎಲ್ಲಿ ಕೂರಬೇಕು?

ಈ ಪ್ರಶ್ನೆಗಳನ್ನು ಕುರಿತು ಶಿಕ್ಷಣತಜ್ಞರು ಬಹಳಷ್ಟು ಬರೆದಿದ್ದಾರೆ. ಅಮೆರಿಕದ ಜೇಮ್ಸ್ ಬ್ಯಾಂಕ್ಸ್ ಬಹುಸಂಸ್ಕೃತಿಯ ಶಿಕ್ಷಣವನ್ನು ನಾಲ್ಕು ಮೆಟ್ಟಿಲುಗಳಾಗಿ ವಿಂಗಡಿಸಿ, ಮಹಾಪುರುಷರನ್ನೂ ಹಬ್ಬಗಳನ್ನೂ ಪರಿಚಯಿಸಿ ಕೈತೊಳೆದುಕೊಳ್ಳುವುದನ್ನು ತೀರ ಕೆಳಗಿನ ಮೆಟ್ಟಿಲೆಂದು ಗುರುತಿಸಿದರು. 1989ರಲ್ಲಿ ಲೂಯಿಸ್ ಡರ್ಮನ್-ಸ್ಪಾರ್ಕ್ಸ್ ಅವರು ಮಕ್ಕಳ ಶಿಕ್ಷಣವನ್ನು ಕುರಿತ ತಮ್ಮ ಪುಸ್ತಕದಲ್ಲಿ ಇಂಥ ಪಾಠಗಳನ್ನು ಪ್ರವಾಸಿಯ ಪಾಠವೆಂದು ಕರೆದರು. ಪ್ರವಾಸಿ ಊರಿಗೆ ಹೋಗುತ್ತಾನೆ, ಉಡುಗೆ ನೋಡುತ್ತಾನೆ, ತಿನಿಸು ರುಚಿ ನೋಡುತ್ತಾನೆ, ಮರಳುತ್ತಾನೆ. ಊರಿನ ಸುಖದುಃಖ ಅವನಿಗೆ ತಿಳಿಯುವುದಿಲ್ಲ. ಒಪ್ಪತಕ್ಕ ಮಾತೇ. ಆದರೂ ಈ ವಿಷಯದಲ್ಲಿ ನಾನು ಓದಿದವುಗಳಲ್ಲಿ ಅತ್ಯಂತ ಸತ್ಯವಾದದ್ದು ಶಿಕ್ಷಣಶಾಸ್ತ್ರದ ಗ್ರಂಥವಲ್ಲ, ಕೆಲವೇ ಪುಟಗಳ ಒಂದು ಸಣ್ಣಕಥೆ. ಅದನ್ನು ಬರೆದಾಕೆ ಕ್ರೈಸ್ತಳಲ್ಲ. ಕಥೆಯೊಳಗಿನ ಹಬ್ಬ ಮಾತ್ರ ನಮ್ಮ ಕ್ರಿಸ್ತಜಯಂತಿ. ಹೊರಗಿನವರ ಕಣ್ಣಿಗೆ ನಮ್ಮ ಹಬ್ಬ ಹೇಗೆ ಕಾಣುತ್ತದೆ ಎಂಬ ಕುತೂಹಲವುಳ್ಳ ಕುಟುಂಬಗಳು ಇದನ್ನು ಓದಬೇಕೆಂಬುದು ನನ್ನ ಆಸೆ.

ಗ್ರೇಸ್ ಪೇಲಿ 1922ರಲ್ಲಿ ನ್ಯೂಯಾರ್ಕ್ ನಗರದ ಬ್ರಾಂಕ್ಸ್‌ನಲ್ಲಿ ಜನಿಸಿದರು. ತಂದೆತಾಯಿಗಳು ಉಕ್ರೇನಿನಿಂದ ವಲಸೆ ಬಂದ ಯೆಹೂದ್ಯರು. ಮನೆಯಲ್ಲಿ ರಷ್ಯನ್ ಮತ್ತು ಯಿಡ್ಡಿಷ್, ಬೀದಿಯಲ್ಲಿ ಮತ್ತು ಶಾಲೆಯಲ್ಲಿ ಇಂಗ್ಲಿಷ್. 2007ರಲ್ಲಿ ತೀರಿಕೊಳ್ಳುವವರೆಗೆ ಅವರು ಪ್ರಕಟಿಸಿದ ಕಥಾಸಂಕಲನಗಳು ಬೆರಳೆಣಿಕೆಯಷ್ಟೇ. 1959ರಲ್ಲಿ ಬಂದ ಮೊದಲ ಸಂಕಲನ 'ದಿ ಲಿಟ್ಲ್ ಡಿಸ್ಟರ್ಬೆನ್ಸಸ್ ಆಫ್ ಮ್ಯಾನ್'. ನಾನು ಹೇಳುತ್ತಿರುವ 'ದಿ ಲೌಡೆಸ್ಟ್ ವಾಯ್ಸ್', ಅಂದರೆ ಎಲ್ಲರಿಗಿಂತ ದೊಡ್ಡ ದನಿ ಎಂಬ ಕಥೆ ಅದರಲ್ಲಿದೆ.

ಕಥೆ ಹೇಳುವವಳು ಶರ್ಲಿ ಅಬ್ರಮೋವಿಟ್ಜ್ ಎಂಬ ಹುಡುಗಿ. ಅವಳ ಕೇರಿ ಗದ್ದಲದ ಕೇರಿ. ಬಾಗಿಲು ಬಡಿಯುತ್ತದೆ, ಪಾತ್ರೆ ಉರುಳುತ್ತದೆ, ಪ್ರತಿಯೊಂದು ಕಿಟಕಿಯಿಂದಲೂ ಒಬ್ಬ ತಾಯಿ ಮಕ್ಕಳನ್ನು ಕೂಗುತ್ತಿರುತ್ತಾಳೆ. ಆ ಗದ್ದಲದಲ್ಲೂ ಶರ್ಲಿಯ ದನಿಯೇ ಮೇಲು. ಕಿರಾಣಿ ಅಂಗಡಿಯವನು ಕೂಡ ಅವಳ ತಾಯಿಗೆ ದೂರು ಹೇಳುತ್ತಾನೆ. ಮನೆಯಲ್ಲಿ ಸುಮ್ಮನಿರು, ಬೀದಿಯಲ್ಲಿ ಸುಮ್ಮನಿರು ಎಂದೇ ಕೇಳಿ ಬೆಳೆದ ಹುಡುಗಿಗೆ ಒಂದು ದಿನ ಶಾಲೆಯಲ್ಲಿ ಕರೆ ಬರುತ್ತದೆ. ನಾಟಕದ ಹೊಣೆ ಹೊತ್ತ ಮಿಸ್ಟರ್ ಹಿಲ್ಟನ್ ಎಂಬ ಶಿಕ್ಷಕರಿಗೆ ಗಟ್ಟಿಯಾದ, ಸ್ಪಷ್ಟವಾದ, ಭಾವ ತುಂಬಿ ಓದಬಲ್ಲ ದನಿ ಬೇಕಾಗಿದೆ. ಅವಳ ಜೀವನದಲ್ಲಿ ಮೊದಲ ಬಾರಿಗೆ ಯಾರೋ ಅವಳಿಂದ ಮೌನವನ್ನಲ್ಲ, ದನಿಯನ್ನೇ ಬೇಡುತ್ತಿದ್ದಾರೆ. ನಾಟಕ ಯಾವುದು? ಕ್ರಿಸ್ಮಸ್ ನಾಟಕ.

ಇದು ಹೆಸರಿಗೆ ಇಂಗ್ಲಿಷ್ ಕಲಿಕೆಯ ತರಗತಿಯಲ್ಲ, ಸಾಮಾನ್ಯ ಸರ್ಕಾರಿ ಶಾಲೆ. ಆದರೆ ಅಲ್ಲಿನ ಬಹುಪಾಲು ಮಕ್ಕಳ ಮನೆಮಾತು ಇಂಗ್ಲಿಷ್ ಅಲ್ಲ. ಅವರಿಗೆ ನಾಟಕದ ಪ್ರತಿಯೊಂದು ಸಾಲೂ ಭಾಷೆಯ ಪಾಠವೇ. ಉಚ್ಚಾರ ತಿದ್ದುವುದು, ಕ್ರಿಸ್ಮಸ್ ಗೀತೆಯನ್ನು ತಪ್ಪಿಲ್ಲದೆ ಕಲಿಯುವುದು, ವೇದಿಕೆಯ ಮೇಲೆ ನಿಂತು ಮಾತನಾಡುವುದು. ಶಿಕ್ಷಕರಂತೂ ದಿನದಿನಕ್ಕೆ ಹಿಗ್ಗುತ್ತಾರೆ. ಅವರ ಬಾಲ್ಯದ ಗಂಟೆಗಳು ಅವರ ತಲೆಯಲ್ಲಿ ಮೊಳಗುತ್ತಿವೆ. ಮಕ್ಕಳ ಬಾಲ್ಯದಲ್ಲಿ ಆ ಗಂಟೆಗಳಿಲ್ಲ ಎಂಬುದು ಅವರಿಗೆ ಹೊಳೆದಂತಿಲ್ಲ. ಪೇಲಿ ಇದನ್ನು ಆಕ್ಷೇಪಣೆಯ ದನಿಯಲ್ಲಿ ಹೇಳುವುದಿಲ್ಲ, ನಕ್ಕು ಮುಂದೆ ಹೋಗುತ್ತಾರೆ. ಓದುಗ ಮಾತ್ರ ಅಲ್ಲಿ ಒಂದು ಕ್ಷಣ ನಿಲ್ಲಬೇಕಾಗುತ್ತದೆ.

ಮನೆಯಲ್ಲಿ ಇದರಿಂದ ತಕರಾರು ಏಳುತ್ತದೆ. ತಾಯಿ ಕಳವಳಗೊಳ್ಳುತ್ತಾಳೆ. ಇಷ್ಟು ದೂರ ಬಂದದ್ದು ಮಗಳು ಕ್ರಿಸ್ಮಸ್ ನಾಟಕ ಆಡಲೆಂದೇ? ತಂದೆಯದು ಬೇರೆಯ ವಾದ. ಬೇರೆ ದೇಶಗಳಲ್ಲಿ ನಮಗೆ ಏನೇನು ಕಾದಿತ್ತೋ ನೆನೆದುಕೋ, ಇಲ್ಲಿ ಸಿಕ್ಕಿರುವುದು ಕ್ರಿಸ್ಮಸ್ ತಾನೆ ಎಂದು ಅವನು ಹೆಂಡತಿಯನ್ನು ಹಾಸ್ಯ ಮಾಡುತ್ತಾನೆ. ಈ ಹಬ್ಬದ ದೀಪಗಳು ಕ್ರಿಸ್ತನಿಗಿಂತ ಹಿಂದಿನವು, ಚರಿತ್ರೆಗೆ ಸೇರಿದ್ದು ಎಲ್ಲ ಮನುಷ್ಯರಿಗೂ ಸೇರಿದ್ದು ಎನ್ನುತ್ತಾನೆ. ಇವೆಲ್ಲ ವಾದದ ಅಲಂಕಾರ. ಅವನ ಮನಸ್ಸಿನಲ್ಲಿರುವ ನಿಜವಾದ ಕಾರಣ ಕೊನೆಗೆ ಹೊರಬರುತ್ತದೆ: ಗಟ್ಟಿಯಾಗಿ ಮಾತನಾಡಲು ಕಲಿತರೆ ಮಗಳು ಮುಂದೆ ಅಡುಗೆಮನೆ ಮತ್ತು ಅಂಗಡಿಯ ನಡುವೆಯೇ ಬಾಳು ಸವೆಸಬೇಕಾಗಿ ಬರಲಾರದು. ಮಕ್ಕಳನ್ನು ಇಂಗ್ಲಿಷ್ ಶಾಲೆಗೆ ಸೇರಿಸಿದ ಯಾವ ತಂದೆಗೆ ತಾನೆ ಈ ಮಾತು ಅರ್ಥವಾಗದು? ನಮ್ಮಲ್ಲಿ ಕ್ರೈಸ್ತ ಸಂಸ್ಥೆಗಳು ನಡೆಸುವ ಆಂಗ್ಲ ಮಾಧ್ಯಮ ಶಾಲೆಗಳಲ್ಲಿ ಹಿಂದೂ, ಮುಸ್ಲಿಮ್ ಮನೆಗಳ ಮಕ್ಕಳು ದೇವದೂತರಾಗಿ, ಕುರುಬರಾಗಿ, ಮೂವರು ಜ್ಞಾನಿಗಳಾಗಿ ನಿಂತಾಗ ಕೆಳಗೆ ಕುಳಿತು ಚಪ್ಪಾಳೆ ತಟ್ಟುವ ತಂದೆತಾಯಿಗಳ ಮನಸ್ಸಿನಲ್ಲೂ ಇದೇ ಲೆಕ್ಕ ಇದ್ದೀತು. ಅದರಲ್ಲಿ ಅವಮಾನವೇನೂ ಇಲ್ಲ. ಆದರೆ ಆ ಚಪ್ಪಾಳೆಯೆಲ್ಲ ಹಬ್ಬಕ್ಕೇ ಸಂದದ್ದೆಂದು ನಾವು ತಿಳಿಯಬೇಕಾಗಿಲ್ಲ.

ಎಲ್ಲರೂ ತಂದೆಯಂತೆ ಸಲೀಸಾಗಿ ಒಪ್ಪುವುದಿಲ್ಲ. ಕೇರಿಯ ಮೂಲೆಯಲ್ಲಿ ನಗರಾಡಳಿತ ಒಂದು ಅಲಂಕರಿಸಿದ ಮರವನ್ನು ನಿಲ್ಲಿಸಿದಾಗ, ಅದರ ನೆರಳು ಸೋಕಬಾರದೆಂದು ಜನ ದೂರದ ಅಂಗಡಿಗೆ ಹೋಗಿ ರೊಟ್ಟಿ ತರುತ್ತಾರೆ. ಯೆಹೂದ್ಯ ಧರ್ಮಗುರುವಿನ ಪತ್ನಿ ಈ ನಾಟಕವೇ ಹೇಸಿಗೆ ಎನ್ನುತ್ತಾಳೆ. ಅವಳ ಮಾತಿಗೆ ಯಾರೂ ಕಿವಿಗೊಡುವುದಿಲ್ಲ. ಕಥೆಗಾರ್ತಿಯೂ ಕಿವಿಗೊಡುವುದಿಲ್ಲ, ಅವಳ ಕೃತಕ ಕೂದಲನ್ನು ನೋಡಿ ನಗುತ್ತಾರೆ. ಇಲ್ಲಿ ನನಗೆ ಪೇಲಿಯವರೊಡನೆ ಜಗಳವಿದೆ. ಆ ಹೆಂಗಸಿನ ಹಿಂದೆ ಒಂದು ದೊಡ್ಡ ಚರಿತ್ರೆ ನಿಂತಿದೆ. 1906ರ ಡಿಸೆಂಬರ್‌ನಲ್ಲಿ ನ್ಯೂಯಾರ್ಕಿನ ಶಾಲೆಗಳ ಕ್ರಿಸ್ಮಸ್ ಕಾರ್ಯಕ್ರಮಗಳನ್ನು ಪ್ರತಿಭಟಿಸಿ ಸಾವಿರಾರು ಯೆಹೂದ್ಯ ಮಕ್ಕಳು ಶಾಲೆಗೆ ಹೋಗದೆ ಉಳಿದಿದ್ದರು. ತೆರಿಗೆ ಕಟ್ಟುವ ನಮ್ಮ ಮಕ್ಕಳಿಗೆ ಸರ್ಕಾರಿ ಶಾಲೆ ಬೇರೊಂದು ಧರ್ಮವನ್ನು ಬೋಧಿಸಬಾರದು ಎಂಬುದು ಅವರ ವಾದವಾಗಿತ್ತು. ಯೂರೋಪಿನಲ್ಲಂತೂ ಯೇಸುವಿನ ಪಾಡುಮರಣದ ನಾಟಕಗಳು ಎಷ್ಟೋ ಕಡೆ ಯೆಹೂದ್ಯರ ಮೇಲಿನ ದ್ವೇಷವನ್ನು ಕೆರಳಿಸಿದ್ದವು. ಯೇಸುವಿನ ಮರಣದ ದೋಷವನ್ನು ಯೆಹೂದ್ಯ ಜನಾಂಗದ ಮೇಲೆ ಹೊರಿಸಬಾರದೆಂದು ನಮ್ಮ ಧರ್ಮಸಭೆ ಎರಡನೆಯ ವ್ಯಾಟಿಕನ್ ಮಹಾಸಭೆಯಲ್ಲಿ, 'ನೊಸ್ತ್ರ ಎತಾತೆ' ಎಂಬ ಘೋಷಣೆಯ ಮೂಲಕ ಸ್ಪಷ್ಟಪಡಿಸಿದ್ದು 1965ರಲ್ಲಿ. ಕಥೆ ಪ್ರಕಟವಾಗಿ ಆರು ವರ್ಷಗಳ ಮೇಲೆ. ಅಂಥ ಚರಿತ್ರೆಯನ್ನು ಬಲ್ಲ ಒಬ್ಬ ಹೆಂಗಸು ಹೇಸಿಗೆ ಎಂದರೆ ಅವಳ ಮುಂದೆ ಒಂದು ಕುರ್ಚಿ ಎಳೆದು ಕುಳಿತು ಕೇಳಬೇಕಿತ್ತು. ಕಥೆ ಅವಳಿಗೆ ಒಂದು ಸಾಲನ್ನಷ್ಟೇ ಕೊಟ್ಟಿದೆ.

ಆ ಚರಿತ್ರೆಯ ಅರಿವು ಪೇಲಿಯವರಿಗೆ ಇಲ್ಲದಿರಲಿಲ್ಲ. ನಾಟಕದ ದೃಶ್ಯವನ್ನು ಓದಿದರೆ ಅದು ತಿಳಿಯುತ್ತದೆ. ಪರದೆ ಸರಿದಾಗ ಹುಲ್ಲಿನ ಮೇಲೆ ಸೀಲಿಯಾ ಎಂಬ ಹುಡುಗಿ ತನ್ನ ಅಚ್ಚುಮೆಚ್ಚಿನ ಬೊಂಬೆಯೊಡನೆ ಮಲಗಿದ್ದಾಳೆ. ನಮ್ಮ ಗೋದಲಿಯಲ್ಲಿ ನಾವು ಕಾಣುವ ದೃಶ್ಯವೇ. ಮೂವರು ಹುಡುಗರು ನಕ್ಷತ್ರವನ್ನು ತೋರಿಸುತ್ತ ಬರುತ್ತಾರೆ. ಪುಟ್ಟ ಎಡ್ಡಿ ಕುರುಬನ ಕೋಲು ಹಿಡಿದು ವೇದಿಕೆಯ ತುಂಬ ಕುರಿಗಳನ್ನು ಹುಡುಕುತ್ತಾನೆ. ಮುಂದೆ ಮಾರ್ಟಿ ಎಂಬ ಹುಡುಗ ದೊಡ್ಡವನಾದ ಯೇಸುವಾಗಿ ಬರುತ್ತಾನೆ. ಅವನು ಹೊದ್ದಿರುವುದು ತನ್ನ ತಂದೆಯ ಪ್ರಾರ್ಥನಾ ಶಾಲು. ಈ ಒಂದು ವಿವರಕ್ಕಾಗಿ ಇಡೀ ಕಥೆಯನ್ನು ಓದಬಹುದು. ಮನೆಯಲ್ಲಿ ಬೇರೆ ಉಡುಗೆ ಸಿಗದೆ ಹುಡುಗ ಅದನ್ನು ತಂದಿದ್ದಾನೆ. ಆದರೆ ನಜರೇತಿನ ಯೇಸು ಪ್ರಾರ್ಥನಾಮಂದಿರಕ್ಕೆ ಹೋಗುತ್ತಿದ್ದ ಯೆಹೂದ್ಯನೆಂಬ ಸತ್ಯವನ್ನು, ನಾವು ಬಂಗಾರದ ಅಂಚಿನ ನಿಲುವಂಗಿ ತೊಡಿಸಿ ಮರೆತಿರುವ ಸತ್ಯವನ್ನು, ಆ ಶಾಲು ಯಾವ ವ್ಯಾಖ್ಯಾನವೂ ಇಲ್ಲದೆ ವೇದಿಕೆಗೆ ತಂದುಬಿಡುತ್ತದೆ. ಸೈನಿಕರು ಹಿಡಿದು ಶಿಲುಬೆಗೇರಿಸಲು ಬಂದಾಗ ಮಾರ್ಟಿ ಕೊಸರಿಕೊಂಡು ಬಿಡಿಸಿಕೊಂಡು ಸಭಿಕರ ಕಡೆಗೆ ತೋಳು ಚಾಚುತ್ತಾನೆ. ನಗು ಬರುವ ದೃಶ್ಯ. ಆದರೆ ಆ ಕೇರಿಯ ತಾಯಂದಿರು ಅದನ್ನು ನೋಡಿ ನಕ್ಕಿರಲಾರರು.

ಇಷ್ಟಕ್ಕೆಲ್ಲ ದನಿ ಶರ್ಲಿಯದು. ಮಾರ್ಟಿ ಅಭಿನಯಿಸುತ್ತಾನೆ, ಅವನ ನಾಲಿಗೆಯಾಗಿ ಅವಳು ನುಡಿಯುತ್ತಾಳೆ. ಯೇಸುವಿನ ಬಾಳನ್ನು ಅವಳು 'ನಾನು' ಎಂದೇ ಹೇಳಬೇಕು. ತನ್ನ ಬಾಲ್ಯದ ಒಂಟಿತನವನ್ನು ಹೇಳುತ್ತಾಳೆ, ಕೆಲವು ಹೆಂಗಸರ ಹೊರತು ಯಾರಿಗೂ ತಾನು ಅರ್ಥವಾಗದೆ ಹೋದದ್ದನ್ನು ಹೇಳುವಾಗ ಅದೇ ಒಂಟಿತನವನ್ನು ಮತ್ತೊಮ್ಮೆ ಎತ್ತುತ್ತಾಳೆ. ಕಿತ್ತಲೆ ಹಣ್ಣಿನ ಪೆಟ್ಟಿಗೆಯ ಮೇಲೆ ಮಾರ್ಟಿ ನಿಂತಿದ್ದರೆ ಅವಳ ಬಾಯಿಂದ ಪ್ರೀತಿ, ದೇವರು, ಮಾನವ ಎಂಬ ಮಾತುಗಳು ಹರಿಯುತ್ತವೆ. ಕೊನೆಗೆ ಶಿಲುಬೆಯ ಬುಡದಲ್ಲಿ, ದೇವರೇ ನನ್ನನ್ನೇಕೆ ಕೈಬಿಟ್ಟೆ ಎಂಬ ಕೂಗನ್ನೂ ಅವಳೇ ಕೂಗುತ್ತಾಳೆ. ಶುಭಸಂದೇಶಕಾರರು ಯೇಸುವಿನ ತಾಯ್ನುಡಿಯಲ್ಲೇ ಉಳಿಸಿಕೊಟ್ಟ ಆ ಕೂಗು ಇಪ್ಪತ್ತೆರಡನೆಯ ಕೀರ್ತನೆಯದು. ಅಂದರೆ ಅದು ಶರ್ಲಿಯ ಪೂರ್ವಿಕರ ಪ್ರಾರ್ಥನೆಯೇ. ಶಾಲೆ ಅವಳಿಗೆ ಪರರ ಹಬ್ಬವೆಂದು ಕಲಿಸಿದ್ದರ ನಡುವೆ ಅವಳ ಮನೆಯ ಮಾತೊಂದು ಇಂಗ್ಲಿಷಿನ ವೇಷದಲ್ಲಿ ಕುಳಿತಿತ್ತು. ಮಿಸ್ಟರ್ ಹಿಲ್ಟನ್‌ಗೆ ಅದು ಗೊತ್ತಿತ್ತೋ ಇಲ್ಲವೋ.

ಹಬ್ಬವನ್ನು ಪಾಠವಾಗಿಸುವವರು ಇಲ್ಲಿ ಗಮನಿಸಬೇಕಾದದ್ದಿದೆ. ಯಾರೂ ಶರ್ಲಿಗೆ ಕ್ರಿಸ್ಮಸ್ ಎಂದರೇನೆಂದು ವಿವರಿಸಲಿಲ್ಲ, ಬಣ್ಣ ತುಂಬಲು ಮರದ ಚಿತ್ರವನ್ನು ಕೊಟ್ಟು ಕೂರಿಸಲಿಲ್ಲ. ಅವಳ ಕೈಗೆ ಒಂದು ಬಾಳಿನ ಕಥೆಯನ್ನು ಕೊಟ್ಟು, ನೀನು ಹೇಳು ಎಂದರು. ವಿವರಿಸುವುದು ಎಷ್ಟು ಕಷ್ಟವೆಂಬುದಕ್ಕೆ ಡೇವಿಡ್ ಸೆಡಾರಿಸ್ ಎಂಬ ಅಮೆರಿಕದ ಹಾಸ್ಯಲೇಖಕ 2000ದಲ್ಲಿ ಪ್ರಕಟಿಸಿದ 'ಮಿ ಟಾಕ್ ಪ್ರಿಟಿ ಒನ್ ಡೇ' ಎಂಬ ಪುಸ್ತಕದ ಒಂದು ಪ್ರಬಂಧವನ್ನು ನೋಡಬಹುದು. ಅಲ್ಲಿನ ಭಾಷೆ ಇಂಗ್ಲಿಷ್ ಅಲ್ಲ, ಫ್ರೆಂಚ್, ಊರು ಪ್ಯಾರಿಸ್, ಕಲಿಯುವವರು ಹಲವು ದೇಶಗಳ ವಯಸ್ಕರು. ಮೊರಾಕೊ ದೇಶದ ಮುಸ್ಲಿಮ್ ಮಹಿಳೆಯೊಬ್ಬಳು ಈಸ್ಟರ್ ಎಂದರೇನು ಎಂದು ಕೇಳುತ್ತಾಳೆ. ಕ್ರೈಸ್ತ ಹಿನ್ನೆಲೆಯ ಸಹಪಾಠಿಗಳು ತಮ್ಮ ಹರಕುಮುರುಕು ಫ್ರೆಂಚಿನಲ್ಲಿ ಹೇಳಲು ಹೊರಡುತ್ತಾರೆ. ಶಿಲುಬೆಗೆ, ಪುನರುತ್ಥಾನಕ್ಕೆ ಅವರಿಗೆ ಪದಗಳೇ ಇಲ್ಲ. ಮಾತು ಮೊಲಕ್ಕೂ ಚಾಕೊಲೇಟಿಗೂ ಇಳಿಯುತ್ತದೆ. ಚಾಕೊಲೇಟ್ ತರುವುದು ಮೊಲವೋ ರೋಮಿನಿಂದ ಹಾರಿಬರುವ ಗಂಟೆಯೋ ಎಂಬಲ್ಲಿಗೆ ಪಾಸ್ಕ ಹಬ್ಬ ಮುಗಿಯುತ್ತದೆ. ಕೇಳಿದಾಕೆಗೆ ಏನೂ ತಿಳಿಯುವುದಿಲ್ಲ. ಭಕ್ತರಿಗೆ ಕೆಲವು ಕಡೆ ಕಸಿವಿಸಿಯಾಗುವ ಬರಹವಿದು. ಆದರೂ ಭಾಷೆ ಕಲಿಯಲು ಹೆಸರು ಕೊಡುವುದೇ ಒಂದು ಬಗೆಯ ವಿಶ್ವಾಸವೆಂದು ಅದರ ಲೇಖಕ ಕಂಡುಕೊಳ್ಳುವುದನ್ನು ನಾನು ಮೆಚ್ಚುತ್ತೇನೆ. ಪೇಲಿಯವರ ಕಥೆಯ ಪಕ್ಕದಲ್ಲಿಟ್ಟರೆ ಅದರ ಕೊರತೆಯೂ ಕಾಣುತ್ತದೆ. ಮೊರಾಕೊದ ಆ ಮಹಿಳೆ ಪ್ರಶ್ನೆ ಕೇಳಿ ಸುಮ್ಮನಾಗುತ್ತಾಳೆ. ಅವಳ ನಾಡಿನ ಹಬ್ಬ ಯಾವುದೆಂದು ಅಲ್ಲಿ ಯಾರೂ ಕೇಳುವುದಿಲ್ಲ.

ಈ ಕೊರತೆ ಪೇಲಿಯವರ ಕಥೆಯ ಶಾಲೆಗೂ ಇದೆ ಎಂಬುದನ್ನು ಮರೆಯಲಾಗದು. ಶರ್ಲಿಯ ಮನೆಯ ಹಬ್ಬಗಳು ಆ ವೇದಿಕೆಯನ್ನು ಹತ್ತಿದ ಸುದ್ದಿ ಕಥೆಯಲ್ಲಿಲ್ಲ. ಕೊಡುವ ಕೈ ಒಂದೇ, ಪಡೆಯುವ ಕೈ ಒಂದೇ. ನಾಟಕ ಮುಗಿದ ರಾತ್ರಿ ಶರ್ಲಿಯ ಅಡುಗೆಮನೆಯಲ್ಲಿ ಚಹಾ ಕುಡಿಯುತ್ತ ದೊಡ್ಡವರು ಮಾತನಾಡುತ್ತಾರೆ. ಬೇರೊಂದು ಸಂಸ್ಕೃತಿಯ ನಂಬಿಕೆಗಳ ಪರಿಚಯವಾಯಿತೆಂದು ತಂದೆ ಮೆಚ್ಚಿಕೊಳ್ಳುತ್ತಾನೆ. ಇಂದಿನ ಶಾಲೆಗಳ ವಾರ್ಷಿಕ ವರದಿಗಳಲ್ಲಿ ನಾವು ಓದುವ ಮಾತನ್ನೇ ಪೇಲಿ ಅವನ ಬಾಯಲ್ಲಿ ಇಟ್ಟಿದ್ದಾರೆ. ಸೀಲಿಯಾಳ ತಾಯಿಗೆ ಮಾತ್ರ ಒಂದು ಕಸಿವಿಸಿ. ಶಾಲೆಯಲ್ಲಿರುವ ಕೆಲವೇ ಕ್ರೈಸ್ತ ಮಕ್ಕಳಿಗೆ, ಚಾರ್ಲಿ ಟರ್ನರ್ ಎಂಬ ಮುದ್ದಾದ ಹುಡುಗ ಮೊದಲಾದವರಿಗೆ, ತೀರ ಸಣ್ಣ ಪಾತ್ರ ಅಥವಾ ಪಾತ್ರವೇ ಇಲ್ಲ. ಎಷ್ಟೆಂದರೂ ಅದು ಅವರ ಧರ್ಮವಲ್ಲವೇ ಎಂದು ಅವಳ ಆಕ್ಷೇಪಣೆ. ಶರ್ಲಿಯ ತಾಯಿ ಉತ್ತರ ಕೊಡುತ್ತಾಳೆ: ಅವರ ದನಿಗಳು ಸಣ್ಣವು, ಅವರೇಕೆ ಕೂಗಬೇಕು? ಇಂಗ್ಲಿಷು ಅವರಿಗೆ ಹುಟ್ಟಿನಿಂದಲೇ ಬಾಯಿಪಾಠ. ಕ್ರಿಸ್ಮಸ್ ಎಂಬ ಇಡೀ ಸರಕು ಅವರ ಸೊತ್ತು.

ಕಥೆ ಪ್ರಕಟವಾಗಿ ಅರವತ್ತು ವರ್ಷಗಳ ಮೇಲಾಗಿದೆ. ಕ್ರೈಸ್ತ ಓದುಗನಿಗೆ ಇದಕ್ಕಿಂತ ಚುಚ್ಚುವ ಮಾತು ಅದರಲ್ಲಿ ಇನ್ನೊಂದಿಲ್ಲ. ಸೊತ್ತಾಗಿ ಪಡೆದವನು ಕಲಿಯಬೇಕಾಗಿಲ್ಲ. ಕಲಿಯಬೇಕಾಗಿಲ್ಲದವನು ದನಿ ಎತ್ತುವುದಿಲ್ಲ. ತಾಯಿಯ ಮಾತಿನಲ್ಲಿ ಅಸೂಯೆಯೂ ಇದೆ, ಕನಿಕರವೂ ಇದೆ. ಎರಡರಲ್ಲಿ ಯಾವುದು ಹೆಚ್ಚೆಂದು ತೂಗಿ ಹೇಳುವುದು ಕಷ್ಟ. ದೊಡ್ಡವರು ಮೊದಲು ಯಿಡ್ಡಿಷ್‌ನಲ್ಲಿ ವಾದಿಸಿ, ಆಮೇಲೆ ರಷ್ಯನ್, ಪೋಲಿಷ್‌ಗೆ ಜಾರುತ್ತಾರೆ ಎಂಬುದನ್ನೂ ಪೇಲಿ ಬಿಡದೆ ಹೇಳಿದ್ದಾರೆ. ಇಂಗ್ಲಿಷ್ ತರಗತಿಯ ಹಬ್ಬವನ್ನು ಕುರಿತ ನಿಜವಾದ ಚರ್ಚೆ ತರಗತಿಯಲ್ಲಿ ನಡೆಯುವುದಿಲ್ಲ. ಅದು ಮನೆಯಲ್ಲಿ, ಮನೆಮಾತಿನಲ್ಲಿ, ಮಕ್ಕಳು ಮಲಗಿದರೆಂದು ತಿಳಿದು ನಡೆಯುತ್ತದೆ. ಶಿಕ್ಷಕರ ಕಿವಿಗೆ ಅದು ಬೀಳುವುದಿಲ್ಲ.

ಮಗು ಮಲಗಿಲ್ಲ, ಎಲ್ಲವನ್ನೂ ಕೇಳುತ್ತಿದೆ. ಇನ್ನು ಕೇಳಲಾರದಷ್ಟು ನಿದ್ದೆ ಒತ್ತಿ ಬಂದಾಗ ಶರ್ಲಿ ಹಾಸಿಗೆಯಿಂದಿಳಿದು ಮೊಣಕಾಲೂರುತ್ತಾಳೆ. ಕೈಗಳನ್ನು ಪುಟ್ಟ ಚರ್ಚಿನ ಗೋಪುರದಂತೆ ಜೋಡಿಸುತ್ತಾಳೆ. ಅವಳ ಬಾಯಿಂದ ಹೊರಡುವುದು ಮಾತ್ರ ಇಸ್ರಾಯೇಲಿನ ಪುರಾತನ ಪ್ರಾರ್ಥನೆ, ಧರ್ಮೋಪದೇಶಕಾಂಡದ ಆರನೆಯ ಅಧ್ಯಾಯದ್ದು. ಭಂಗಿ ಶಾಲೆ ಕಲಿಸಿದ್ದು, ಪ್ರಾರ್ಥನೆ ಮನೆಯದು. ಎರಡೂ ಬೆರೆತು ಕೆಟ್ಟವೆಂದು ಯಾರಾದರೂ ಆಕ್ಷೇಪಿಸಬಹುದು. ಅಂಥವರು ಮಾರ್ಕನ ಶುಭಸಂದೇಶದ ಹನ್ನೆರಡನೆಯ ಅಧ್ಯಾಯವನ್ನು ತೆರೆಯಲಿ. ಎಲ್ಲಕ್ಕಿಂತ ಮೊದಲ ಆಜ್ಞೆ ಯಾವುದೆಂದು ಕೇಳಿದ ಧರ್ಮಶಾಸ್ತ್ರಿಗೆ ಯೇಸುಸ್ವಾಮಿ ಹೇಳಿದ್ದು ಇದೇ ಪ್ರಾರ್ಥನೆಯ ಮಾತುಗಳನ್ನು.

ಆ ರಾತ್ರಿ ಅವಳು ಎಲ್ಲರಿಗಾಗಿ ಪ್ರಾರ್ಥಿಸಿದಳಂತೆ. ಹರಟುವ ತನ್ನ ಮನೆಯವರಿಗಾಗಿ, ದೂರದ ನಂಟರಿಗಾಗಿ, ದಾರಿಹೋಕರಿಗಾಗಿ, ಕೊನೆಗೆ ಒಂಟಿಯಾದ ಕ್ರೈಸ್ತರಿಗಾಗಿ. ವಿಮರ್ಶಕರು ಇದನ್ನು ಬರಿಯ ಹಾಸ್ಯವೆಂದು ಓದಬಹುದು: ಬಹುಸಂಖ್ಯಾತರಿಗಾಗಿ ಅಲ್ಪಸಂಖ್ಯಾತ ಬಾಲೆಯ ಕನಿಕರ. ಆದರೆ 'ಒಂಟಿ' ಎಂಬ ಪದ ಅವಳಿಗೆ ಎಲ್ಲಿಂದ ಸಿಕ್ಕಿತು? ಅಂದಷ್ಟೇ ಅವಳು ಯೇಸುವಿನ ದನಿಯಾಗಿ ಅದನ್ನು ಎರಡು ಬಾರಿ ನುಡಿದಿದ್ದಳು. ಅಷ್ಟು ಒಂಟಿಯಾದವನನ್ನು ದೇವರೆಂದು ನಂಬಿದವರು ತಾವೂ ಎಷ್ಟು ಒಂಟಿಗಳಾಗಿರಬೇಕೆಂದು ಅವಳ ಎಳೆಯ ತರ್ಕ ಹೇಳಿರಬೇಕು. ಇದೇ ಹುಡುಗಿ ಅಂದು ಬೆಳಿಗ್ಗೆ, ಕೇರಿಯೆಲ್ಲ ದೂರವಿಟ್ಟ ಆ ಕ್ರಿಸ್ಮಸ್ ಮರಕ್ಕೆ ಶಾಲೆಯ ದಾರಿಯಲ್ಲಿ ಎರಡೂ ಕೈಗಳಿಂದ ಮುತ್ತನ್ನು ತೂರಿದ್ದಳು. ಪಾಪ, ಅದು ಈಜಿಪ್ಟಿನಲ್ಲಿ ಪರದೇಶಿ ಎಂದು. ಪರದೇಶಿಯನ್ನು ಪೀಡಿಸಬೇಡ, ನೀನೂ ಈಜಿಪ್ಟಿನಲ್ಲಿ ಪರದೇಶಿಯಾಗಿದ್ದವನು ಎಂಬ ವಿಮೋಚನಕಾಂಡದ ಆಜ್ಞೆಯನ್ನು ಅವಳು ಕಂಡದ್ದು ಹೀಗೆ. ನಾವು ಸಹಿಷ್ಣುತೆಯನ್ನು ಕುರಿತು ಮಾತನಾಡುವಾಗ ಸಹಿಸುವವರು ನಾವು, ಸಹಿಸಿಕೊಳ್ಳಲ್ಪಡುವವರು ಅವರು ಎಂದೇ ಎಣಿಸಿರುತ್ತೇವೆ. ಇಲ್ಲಿ ನಮ್ಮ ಮರವನ್ನು ಸಹಿಸಿದವಳು ಅವಳು. ತಂದೆ ಹಬ್ಬವನ್ನು ಚರಿತ್ರೆಯಾಗಿ ಕಂಡ, ತಾಯಿ ಅನ್ಯರ ಸೊತ್ತಾಗಿ ಕಂಡಳು. ಅದರ ಒಳಗಿರುವ ವ್ಯಕ್ತಿಯನ್ನು ಕಂಡು ಮರುಗಿದವಳು ಆ ಕಥೆಯಲ್ಲಿ ಇವಳೊಬ್ಬಳೇ.

ಚಾರ್ಲಿ ಟರ್ನರನ ಹೆಸರು ಬರುವುದು ಅಡುಗೆಮನೆಯ ಆ ಮಾತುಕತೆಯಲ್ಲಿ ಮಾತ್ರ. ನಾಟಕದ ಹೊತ್ತಿನಲ್ಲಿ ಅವನು ಎಲ್ಲಿ ಕುಳಿತಿದ್ದ, ಶರ್ಲಿಯ ದನಿಯಲ್ಲಿ ತನ್ನ ಮನೆಯ ಕಥೆಯನ್ನು ಕೇಳುತ್ತ ಅವನಿಗೆ ಏನನ್ನಿಸಿತು, ಪೇಲಿ ಬರೆದಿಲ್ಲ.